ವಿನಿಫ್ರೆಡ್ ಬಾಯಿಯ ಬೆಂಕಿ ರಿಪೋರ್ಟು

ಜೆಪ್ಪುವಿನ ವಿನಿಫ್ರೆಡ್ ಬಾಯಿಯ ಅಡುಗೆಮನೆಗೆ ಮೊದಲ ಸಲ ಕಾಲಿಟ್ಟವರಿಗೆ ಇದು ಮನೆಯೋ ಆಸ್ಪತ್ರೆಯ ಸ್ಟೋರೋ ಎಂಬ ಸಂಶಯ ಬಂದರೆ ತಪ್ಪಿಲ್ಲ. ಮೆಣಸಿನ ಪುಡಿಯ ಡಬ್ಬಿಯಿಂದ ಹಿಡಿದು ಮಾವಿನ ಮಿಡಿಯ ಭರಣಿಯವರೆಗೆ ಎಲ್ಲದರ ಮೇಲೂ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರಿನ ತುಂಡು, ಅದರ ಮೇಲೆ ನೀಲಿ ಶಾಯಿಯಲ್ಲಿ ಹೆಸರು ಮತ್ತು ತಾರೀಕು. ಜಗಲಿಯ ಸ್ವಿಚ್‌ಬೋರ್ಡಿಗೂ ಬಿಡುಗಡೆಯಿಲ್ಲ: ‘ಫ್ಯಾನ್’, ‘ಗೇಟ್’, ‘ಪಂಪ್’, ‘ಸ್ಟಾರ್’. ಗಂಡ ಬಾಸಿಲ್ ಮಾಸ್ತರು ಬದುಕಿದ್ದಾಗ, “ನನಗೆ ಮಾತ್ರ ಒಂದು ಚೀಟಿ ಅಂಟಿಸಲಿಲ್ಲ ನೀನು” ಎಂದು ಕೀಟಲೆ ಮಾಡುತ್ತಿದ್ದರು. “ನಿಮ್ಮ ಎಕ್ಸ್‌ಪೈರಿ ಡೇಟ್ ಗೊತ್ತಿಲ್ಲ, ಅದಕ್ಕೆ” ಎಂದು ಬಾಯಿ ತಲೆ ಎತ್ತದೆ ಉತ್ತರಿಸುತ್ತಿದ್ದರು.

ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ದುಡಿದು, ವಾರ್ಡ್ ಸಿಸ್ಟರ್ ಆಗಿ ನಿವೃತ್ತರಾದವರು ಅವರು. ಈಗ ವಯಸ್ಸು ಎಪ್ಪತ್ತೊಂದು. ಬೆನ್ನು ಮಾತ್ರ ಇನ್ನೂ ಬಾಗಿಲ್ಲ. ಬಾಗುವ ಯೋಚನೆ ಇದ್ದಂತೆಯೂ ಕಾಣುವುದಿಲ್ಲ. ಜಂಬದ ಬಾಯಿ ಎಂದು ಹಿಂದಿನಿಂದ ಹೇಳುವವರು ಇದ್ದಾರೆ. ಇರಲಿ, ಜಂಬಕ್ಕೆ ಕಾರಣವೂ ಇತ್ತು. ವಾರ್ಡಿನಲ್ಲಿ ಏನಾದರೂ ಎಡವಟ್ಟಾದರೆ, ರೋಗಿ ಮಂಚದಿಂದ ಬಿದ್ದರೆ, ಮದ್ದು ಅದಲುಬದಲಾದರೆ, ಒಂದು ಫಾರಂ ತುಂಬಬೇಕು. ಅದಕ್ಕೆ ಇನ್ಸಿಡೆಂಟ್ ರಿಪೋರ್ಟ್ ಎನ್ನುತ್ತಾರೆ. ಆ ಫಾರಂ ತುಂಬುವುದರಲ್ಲಿ ವಿನಿಫ್ರೆಡ್ ಸಿಸ್ಟರಿಗೆ ಸಮಾನರಿರಲಿಲ್ಲ. ಹೊಸದಾಗಿ ಬಂದ ನರ್ಸ್ ಹುಡುಗಿಯರಿಗೆ ಮೊದಲ ದಿನವೇ ಅವರ ಪಾಠ: “ಕಂಡದ್ದು ಬರಿ. ಅನಿಸಿದ್ದು ಬರೀಬೇಡ. ಅನಿಸಿದ್ದನ್ನು ಕುಂಬಸಾರದಲ್ಲಿ ಪಾದ್ರಿಗೆ ಹೇಳು.”

ಒಮ್ಮೆ ಒಬ್ಬ ದೊಡ್ಡ ಡಾಕ್ಟರು ತಾವು ವಾರ್ಡಿಗೆ ಬಂದ ಸಮಯವನ್ನು ಮುಕ್ಕಾಲು ಗಂಟೆ ಹಿಂದಕ್ಕೆ ಬರೆಯಲು ಹೇಳಿದರು. ಬಾಯಿ ಗೋಡೆಯ ಕಡೆ ಬೆರಳು ತೋರಿಸಿ, “ಮೊದಲು ಆ ಗಡಿಯಾರವನ್ನು ಹಿಂದೆ ಮಾಡಿ ಡಾಕ್ಟರೇ, ಆಮೇಲೆ ನನ್ನ ಪೆನ್ನು” ಎಂದರು. ಅದರ ಫಲವಾಗಿ ಎರಡು ವರ್ಷ ಹೊರರೋಗಿಗಳ ವಿಭಾಗದಲ್ಲಿ ಚೀಟಿ ಹರಿದು ಕೊಡುವ ಕೆಲಸ ಸಿಕ್ಕಿತು. ಆ ಎರಡು ವರ್ಷಗಳನ್ನು ಅವರು ಇವತ್ತಿಗೂ ಚಿನ್ನದ ಪದಕದ ಹಾಗೆ ಎದೆಯ ಮೇಲೆ ಹಾಕಿಕೊಂಡೇ ಓಡಾಡುತ್ತಾರೆ. ಮದುವೆ ಊಟಕ್ಕೆ ಹೋದರೂ ಪಕ್ಕದಲ್ಲಿ ಕೂತವರಿಗೆ ಈ ಕಥೆ ಕೇಳದೆ ಬಿಡುಗಡೆಯಿಲ್ಲ.

ಅವರ ಕಂಪೌಂಡಿನ ರಸ್ತೆ ಬದಿಯಲ್ಲಿ ಒಂದು ಸಣ್ಣ ಹಂಚಿನ ಮನೆಯಿದೆ. ಬಾಡಿಗೆಗೆಂದೇ ಬಾಸಿಲ್ ಮಾಸ್ತರು ಕಟ್ಟಿಸಿದ್ದು. ಎಂಟು ವರ್ಷದಿಂದ ಅದರಲ್ಲಿ ಶಶಿಪ್ರಭಾ ಎಂಬವಳು ಮಗಳು ಮನ್ವಿತಾಳೊಂದಿಗೆ ಇದ್ದಳು. ಗಂಡ ಚಿತ್ತರಂಜನ ಪುಣೆಯಲ್ಲಿ ಒಂದು ಹೋಟೆಲಿನ ಮ್ಯಾನೇಜರು. ವರ್ಷಕ್ಕೆ ಎರಡು ಸಲ ಊರಿಗೆ ಬರುತ್ತಾನೆ. ಶಶಿಪ್ರಭಾ ಅತ್ತಾವರದ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ತವರು ಹಿಂದಿನ ಕಾಲದ ಜಮೀನ್ದಾರರ ದೊಡ್ಡ ಗುತ್ತಿನ ಮನೆ. ಗದ್ದೆಗಳೆಲ್ಲ ಅಜ್ಜನ ಕಾಲಕ್ಕೇ ಕೈಬಿಟ್ಟು ಹೋಗಿದ್ದರೂ ಗುತ್ತಿನ ಬಿಗುಮಾನದ ಮೂಗು ಮಾತ್ರ ಮೊಮ್ಮಗಳ ಪಾಲಿಗೆ ಪೂರ್ತಿಯಾಗಿ ಬಂದಿತ್ತು. ತಿಂಗಳ ಒಂದನೇ ತಾರೀಕು ಭಾನುವಾರ ಬಂದರೂ ಬಾಡಿಗೆ ಕೈಗಿಟ್ಟೇ ಅವಳು ಬೇರೆ ಮಾತಾಡುವುದು. ಮೂಗಿನ ವಿಷಯದಲ್ಲಿ ಮಾಲಕಿಗೂ ಬಾಡಿಗೆಯವಳಿಗೂ ಸರಿಯಾದ ಜೋಡಿ.

ಆ ಹಂಚಿನ ಮನೆಯ ಮಾಡಿನ, ಅಂದರೆ ಛಾವಣಿಯ, ತುದಿಗೆ, ರಸ್ತೆಗೆ ಮುಖ ಮಾಡಿ, ಮಾಸ್ತರು ಒಂದು ಕಬ್ಬಿಣದ ಕೊಕ್ಕೆ ಹಾಕಿಸಿದ್ದರು. ಬಾಯಿಯ ಸ್ವಂತ ಮನೆ ಹಿಂದಿದೆ. ಅಲ್ಲಿ ಕ್ರಿಸ್ಮಸ್ ನಕ್ಷತ್ರ ತೂಗುಹಾಕಿದರೆ ತೆಂಗಿನ ಮರಗಳು ಮಾತ್ರ ನೋಡಬೇಕು. ಆದ್ದರಿಂದ ನಕ್ಷತ್ರ ಬಾಡಿಗೆ ಮನೆಯ ಕೊಕ್ಕೆಗೆ, ಅದರ ಸ್ವಿಚ್ಚು ಬಾಯಿಯ ಜಗಲಿಯಲ್ಲಿ. ನಡುವಿನ ವಯರು ಅಂಗಳ ದಾಟಿ, ಬಾಡಿಗೆ ಮನೆಯ ಹಂಚಿನಡಿ ನುಗ್ಗಿ, ಅಟ್ಟದ ಮೇಲೆ ಹಂಚು ಹೊತ್ತ ಮರದ ಪಕ್ಕಾಸುಗಳ ಉದ್ದಕ್ಕೂ ಹರಿದು, ಕೊಕ್ಕೆಗೆ ತಲುಪುತ್ತಿತ್ತು. ಎರಡು ಮನೆ ಆಚೆಯ ವಯರ್‌ಮನ್ ನೋಣಯ್ಯ ಅದನ್ನು ಎಳೆದದ್ದು ಹದಿನೈದು ದಿನದ ಮಟ್ಟಿಗೆ. ಮೂರು ರಾಯರ ಹಬ್ಬ ಮುಗಿದ ಮರುದಿನ, ಅಂದರೆ ಜನವರಿ ಏಳಕ್ಕೆ, ಬಿಚ್ಚಿ ಸುತ್ತಿಡಬೇಕೆಂಬುದು ಕ್ರಮ.

ಆದರೆ ಶಶಿಪ್ರಭಾಳಿಗೆ ಗೂಡುದೀಪದ ಮರುಳು. ದೀಪಾವಳಿಗೆ ತಿಂಗಳಿರುವಾಗಲೇ ಬಿದಿರಿನ ಕಡ್ಡಿ ಸೀಳಿ, ಬಣ್ಣದ ಕಾಗದ ಕತ್ತರಿಸಿ, ಗೂಡು ಕಟ್ಟುತ್ತಾಳೆ. ಒಮ್ಮೆ ಸ್ಪರ್ಧೆಯಲ್ಲಿ ಬಹುಮಾನವೂ ಬಂದಿತ್ತು. ಅದಕ್ಕೂ ಅದೇ ಕೊಕ್ಕೆ, ಅದೇ ವಯರು. ದೀಪಾವಳಿಯ ಗೂಡು ಇಳಿಯಿತೋ ಇಲ್ಲವೋ, ಕ್ರಿಸ್ಮಸ್ಸಿನ ನಕ್ಷತ್ರ ಏರಿತು. ಬಾಯಿಯ ಸ್ವಿಚ್ಚಿನಿಂದ ಪ್ರಭಾಳ ಗೂಡುದೀಪ ಉರಿಯುವುದು, ಪ್ರಭಾಳ ಮಾಡಿನಲ್ಲಿ ಬಾಯಿಯ ನಕ್ಷತ್ರ ತೂಗುವುದು ಇಬ್ಬರಿಗೂ ಹೆಮ್ಮೆಯ ವಿಷಯವಾಗಿತ್ತು. ದಾರಿಹೋಕರು ನಿಂತು ಫೋಟೋ ತೆಗೆಯುತ್ತಿದ್ದರು. ಇಷ್ಟು ಚಂದದ ವಯರನ್ನು ಯಾಕೆ ಬಿಚ್ಚಬೇಕು? ನೋಣಯ್ಯ ಪ್ರತಿ ಜನವರಿ ಏಣಿ ಹಿಡಿದು ಬರುವುದು, “ಇರಲಿ ಬಿಡಿ” ಎಂಬ ಮಾತು ಕೇಳಿ, ಚಹಾ ಕುಡಿದು ಹೋಗುವುದು ವಾಡಿಕೆಯಾಯಿತು. ಹೀಗೆ ಹದಿನೈದು ದಿನದ ವಯರು ಏಳು ವರ್ಷ ಕಳೆಯಿತು. ಬಿಸಿಲು, ಮಳೆ, ಅಳಿಲುಗಳ ಹಲ್ಲು ಎಲ್ಲವನ್ನೂ ಅದು ಕಂಡಿತು.

ಇನ್ನೊಂದು ಸಂಗತಿ. ಬಾಡಿಗೆ ಮನೆಯ ಅಟ್ಟದ ಅರ್ಧ ಭಾಗ ಬಾಯಿಯದ್ದೇ. ಕ್ರಿಸ್ಮಸ್ಸಿಗೆ ಮಾಡುವ ಗೋದಲಿಯ ಸಾಮಾನು, ಅಂದರೆ ಬಾಲ ಏಸುವಿನ ಪ್ರತಿಮೆ, ಕುರಿಗಳು, ರಟ್ಟಿನ ಗುಡ್ಡಗಳು, ಮೂರು ಕಟ್ಟು ಒಣಗಿದ ಬೈಹುಲ್ಲು, ವರ್ಷವಿಡೀ ಅಲ್ಲೇ ಇರುತ್ತಿತ್ತು.

ಕಳೆದ ದೀಪಾವಳಿ ಕಳೆದು ಹನ್ನೆರಡನೆಯ ದಿನ, ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಆ ಮನೆಗೆ ಬೆಂಕಿ ಬಿತ್ತು.

ಪುಣ್ಯಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಪ್ರಭಾ ಅಂಗಡಿಯಲ್ಲಿ, ಮನ್ವಿತಾ ಕಾಲೇಜಿನಲ್ಲಿ. ಹೊಗೆಯ ವಾಸನೆಗೆ ಮಧ್ಯಾಹ್ನದ ನಿದ್ದೆಯಿಂದ ಎದ್ದ ವಿನಿಫ್ರೆಡ್ ಬಾಯಿ ಅಂಗಳಕ್ಕೆ ಬಂದು ನೋಡಿದಾಗ ಹಂಚುಗಳು ಪಟಪಟನೆ ಒಡೆಯುತ್ತಿದ್ದವು. ಅವರು ಕಿರುಚಲಿಲ್ಲ. ಮೊದಲು ಫೈರ್ ಎಂಜಿನಿಗೆ ಫೋನು, ಆಮೇಲೆ ನೋಣಯ್ಯನಿಗೆ ಕೂಗು, ಆಮೇಲೆ ಬಾವಿಯ ಪಂಪು. ನೋಣಯ್ಯ ಓಡಿಬಂದು ಗೇಟಿನ ಬಳಿಯ ಮೀಟರಿನಲ್ಲೇ ಎರಡೂ ಮನೆಯ ಕರೆಂಟು ಕಡಿದ; ಪಂಪು ಅಷ್ಟಕ್ಕೇ ನಿಂತಿತು. ಓಣಿ ಕಿರಿದಾದ್ದರಿಂದ ಎಂಜಿನ್ ಒಳಗೆ ಬರಲಾಗದೆ ದೂರದಿಂದಲೇ ಪೈಪು ಎಳೆದರು. ಬೆಂಕಿ ಆರುವಷ್ಟರಲ್ಲಿ ಅಡುಗೆಕೋಣೆಯ ಮಾಡು, ಇಡೀ ಅಟ್ಟ, ನಡುಕೋಣೆಯ ಅರ್ಧ ಹೋಗಿತ್ತು. ಮನ್ವಿತಾಳ ಪಿಯುಸಿ ಪುಸ್ತಕಗಳು, ಬಟ್ಟೆಯ ಕಪಾಟು ಕರಿಮುದ್ದೆಯಾಗಿದ್ದವು.

ಫೈರ್ ಸ್ಟೇಷನ್ನಿನ ಯುವ ಅಧಿಕಾರಿ ಪುಸ್ತಕ ಹಿಡಿದು ಕೇಳಿದ: “ಹೇಗೆ ಆಯ್ತು ಅಮ್ಮಾ? ಒಳಗೆ ಎಂತದಾದರೂ ಉರೀತಿತ್ತಾ?”

ನೀರು, ಮಸಿ, ಜನರ ಗದ್ದಲದ ನಡುವೆ ನಿಂತ ಬಾಯಿ ಹೇಳಿದರು: “ಪಾಪ, ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಕೆಲಸಕ್ಕೆ ಹೋಗ್ತಾಳೆ. ಅದೇ ಇರಬೇಕು.”

ಅಧಿಕಾರಿ ಬರೆದುಕೊಂಡ. ಅಂಗಳದಲ್ಲಿದ್ದ ಇಪ್ಪತ್ತು ಜನ ಕೇಳಿಸಿಕೊಂಡರು. ಸಂಜೆಯೊಳಗೆ ‘ಇರಬೇಕು’ ಎಂಬುದು ಉದುರಿಹೋಗಿ ‘ಅದೇ’ ಮಾತ್ರ ಉಳಿಯಿತು.

ಅಂಗಡಿಯಿಂದ ಓಡಿಬಂದ ಪ್ರಭಾ ಮಾಡಿಲ್ಲದ ಅಡುಗೆಕೋಣೆಯ ಮುಂದೆ ನಿಂತಿದ್ದಾಗ, ವಿನಿಫ್ರೆಡ್ ಬಾಯಿ ಎಲ್ಲರೆದುರು ಅವಳ ಹೆಗಲ ಮೇಲೆ ಕೈಯಿಟ್ಟು ದೊಡ್ಡ ಮನಸ್ಸು ಮಾಡಿದರು. “ಆದದ್ದು ಆಯ್ತು ಪ್ರಭಾ. ನಾನು ನಿನ್ನಿಂದ ಎಂತದೂ ಕೇಳುವುದಿಲ್ಲ. ಕ್ಷಮಿಸಿದ್ದೇನೆ. ನನ್ನ ಮನೆಯ ಹಾಲಿನಲ್ಲಿ ಇರು, ಮಗಳನ್ನು ಕರಕೊಂಡು ಬಾ.”

ನೆರೆದವರ ಕಣ್ಣು ತುಂಬಿತು. ಸಿಸ್ಟರಮ್ಮ ಅಂದರೆ ಸಿಸ್ಟರಮ್ಮ, ಎಂದರು. ಬಾಯಿಗೂ ಮನಸ್ಸು ಹಗುರಾಯಿತು, ಎದೆ ಸ್ವಲ್ಪ ಉಬ್ಬಿತು ಎಂದರೂ ಸುಳ್ಳಲ್ಲ. ಪ್ರಭಾ ಮಾತ್ರ ಹೆಗಲ ಮೇಲಿನ ಕೈಯನ್ನು ಮೆಲ್ಲನೆ ತೆಗೆದಳು.

“ಬಾಯಮ್ಮ, ನನ್ನನ್ನು ಕ್ಷಮಿಸುವುದು ಬೇಡ. ನಾನು ಮಾಡಿದ್ದಾದರೆ ಪೂರ್ತಿ ಕಟ್ಟಿಸಿ ಕೊಡ್ತೇನೆ, ಬಳೆ ಮಾರಿಯಾದರೂ. ಮಾಡದಿದ್ದರೆ ಕ್ಷಮೆ ಯಾಕೆ? ಯಾರು ಮಾಡಿದ್ದು ಅಂತ ಮೊದಲು ಗೊತ್ತಾಗಲಿ.”

ಅಷ್ಟೇ ಹೇಳಿ, ಮಗಳ ಕೈಹಿಡಿದು, ಪಂಪ್‌ವೆಲ್ ಹತ್ತಿರ ಒಂದೇ ಕೋಣೆಯಲ್ಲಿದ್ದ ನಾದಿನಿಯ ಮನೆಗೆ ನಡೆದಳು. ಮೂರು ಜನರ ಜಾಗದಲ್ಲಿ ಐದು ಜನ.

ವಿನಿಫ್ರೆಡ್ ಬಾಯಿಗೆ ಕೆನ್ನೆಗೆ ಹೊಡೆದಂತಾಯಿತು. ಮನೆ ಸುಟ್ಟದ್ದು ನನ್ನದು, ಕ್ಷಮಿಸಿದ್ದು ನಾನು, ಮೂಗು ಎತ್ತಿದ್ದು ಅವಳು! ಉಪಕಾರ ಮಾಡಹೋದವರಿಗೆ ಇದೇ ಬಹುಮಾನ ಎಂದು ಮೂರು ದಿನ ಗೊಣಗಿದರು. ಆ ಭಾನುವಾರ ಚರ್ಚಿನ ವಾಡೆಯ, ಅಂದರೆ ಆಸುಪಾಸಿನ ಕ್ರೈಸ್ತ ಮನೆಗಳ, ಕೂಟದಲ್ಲಿ, ವಾಡೆಯ ಮುಖ್ಯಸ್ಥರಾದ ಗುರ್ಕಾರರು ಅವರ ಕ್ಷಮೆಯನ್ನು ಎದ್ದುನಿಂತು ಕೊಂಡಾಡಿದರು. ಬಾಯಿ ತಲೆತಗ್ಗಿಸಿ ಕೂತು ಒಂದೊಂದು ಶಬ್ದವನ್ನೂ ಕೇಳಿಸಿಕೊಂಡರು.

ಕುವೈತಿನಿಂದ ಮಗ ಗೇವಿನ್ ಫೋನು ಮಾಡಿದ. “ಮಮ್ಮಿ, ಅಗ್ರಿಮೆಂಟಿನಲ್ಲಿ ಉಂಟು, ಬಾಡಿಗೆಯವರ ಅಜಾಗ್ರತೆಯಿಂದ ಹಾಳಾದ್ದು ಅವರ ಜವಾಬ್ದಾರಿ ಅಂತ. ನೀನು ಕ್ಷಮಿಸಿದ್ದು ಸಾಕು. ಆಕೆಯಿಂದ ಒಂದು ಲೆಟರ್ ಬರೆಸಿಕೋ, ದೀಪದಿಂದ ಆದದ್ದು ಅಂತ.”

“ನೋಡುವ ಪುತಾ” ಎಂದರು ಬಾಯಿ.

ಮರುದಿನ ಮನೆ ದಲ್ಲಾಳಿ ಯೂಸುಫ್ ಗೇಟಿನ ಹತ್ತಿರ ಸಿಕ್ಕಿದ. ಪ್ರಭಾಳಿಗೆ ಬೇರೆ ಮನೆ ಹುಡುಕುತ್ತಿದ್ದವನು ಅವನೇ. “ನಾಲ್ಕು ಮನೆ ತೋರಿಸಿದೆ ಬಾಯಿ. ಜೆಪ್ಪುವಿನಲ್ಲಿ ಎರಡು, ಅತ್ತಾವರದಲ್ಲಿ ಎರಡು. ಬೆಂಕಿ ಕೊಟ್ಟ ಹೆಂಗಸಾ, ಅಂತ ಕೇಳ್ತಾರೆ, ಬಾಗಿಲು ಹಾಕ್ತಾರೆ. ಆ ಹುಡುಗಿಗೆ ಪರೀಕ್ಷೆ ಬೇರೆ ಉಂಟು. ಎಂತ ಮಾಡುವುದು ಮಾರಾಯ್ತಿ?”

“ನಾನು ಯಾರಿಗೂ ಹಾಗೆ ಹೇಳಲಿಲ್ಲ.”

“ನೀವೇ ಹೇಳಿದ್ದಲ್ವಾ, ಫೈರಿನವರಿಗೆ? ನಾನು ಅಲ್ಲೇ ಇದ್ದೆ. ದೀಪ ಅಂತ.”

ಯೂಸುಫ್ ಬೈಕು ಹತ್ತಿ ಹೋದ. ಬಾಯಿ ಗೇಟು ಹಾಕಿ ತಮ್ಮನ್ನೇ ಕೇಳಿಕೊಂಡರು. ದೀಪ ಹಚ್ಚಿದ್ದನ್ನು ಕಂಡಿದ್ದೆನೇ? ಇಲ್ಲ. ಬೆಂಕಿ ದೀಪದಿಂದ ಎದ್ದದ್ದನ್ನು ಕಂಡಿದ್ದೆನೇ? ಅದೂ ಇಲ್ಲ. ಅನಿಸಿತು, ಹೇಳಿದೆ. ಒಬ್ಬ ಪ್ರೊಬೇಷನರಿ ನರ್ಸ್ ಹೀಗೆ ಮಾಡಿದ್ದರೆ ಕಿವಿ ಹಿಂಡಿ ವಾರ್ಡಿನ ಹೊರಗೆ ನಿಲ್ಲಿಸುತ್ತಿದ್ದೆ ಎಂದುಕೊಂಡರು. ಮೂವತ್ತಾರು ವರ್ಷದಲ್ಲಿ ಮಾಡದ ತಪ್ಪನ್ನು ನಿವೃತ್ತಿಯ ಮೇಲೆ, ಅದೂ ಸ್ವಂತ ಅಂಗಳದಲ್ಲಿ, ಮಾಡಿಯಾಗಿತ್ತು.

ಅವರು ಒಳಗೆ ಹೋಗಿ ಗೆರೆ ಎಳೆದ ಕಾಗದ ತೆಗೆದರು. ಸ್ಕೇಲು ಇಟ್ಟು ಅಳತೆ ಹಿಡಿದು ಕಾಲಂ ಎಳೆದರು. ಆಸ್ಪತ್ರೆಯ ಫಾರಂ ಬಾಯಿಪಾಠವಿತ್ತು: ದಿನ, ಸಮಯ, ಸ್ಥಳ, ಮೊದಲು ಕಂಡವರು ಯಾರು, ಏನು ಕಂಡಿತು, ಏನು ಮಾಡಲಾಯಿತು, ಮುಂದೆ ಹೀಗಾಗದಂತೆ ಕ್ರಮ. ‘ಏನು ಕಂಡಿತು’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಕಂಡೇ ಇಲ್ಲವಲ್ಲ, ಹೋಗಿ ನೋಡಬೇಕು. ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ, ಟಾರ್ಚು ಹಿಡಿದು ಸುಟ್ಟ ಮನೆಗೆ ಹೋದರು.

ನಡುಕೋಣೆಯ ಮೂಲೆಯಲ್ಲಿ ದೇವರ ಗೂಡು. ಮಸಿ ಹಿಡಿದಿತ್ತು, ಸುಟ್ಟಿರಲಿಲ್ಲ. ಹಿತ್ತಾಳೆಯ ದೀಪ ನೆಟ್ಟಗೆ ನಿಂತಿತ್ತು. ಬತ್ತಿ ತುದಿಯಲ್ಲಿ ಮಾತ್ರ ಕಪ್ಪು, ಬಟ್ಟಲಲ್ಲಿ ಇನ್ನೂ ಎಣ್ಣೆ. ಹೋಗುವಾಗ ಆರಿಸಿಯೇ ಹೋಗಿದ್ದಳು. ಹಿಂದಿನ ಗೋಡೆಗೆ ಅಂಟಿಸಿದ್ದ ಕಾಗದದ ಚಿತ್ರ ಕೂಡ ಮಸಿ ಮೆತ್ತಿಕೊಂಡು ಹಾಗೆಯೇ ಇತ್ತು.

ಬಾಯಿ ದೀಪವನ್ನು ಇದ್ದಲ್ಲೇ ಬಿಟ್ಟು ಅಡುಗೆಕೋಣೆಗೆ ಬಂದರು. ಒಲೆಯ ಸುತ್ತ ಅಷ್ಟೇನೂ ಸುಟ್ಟಿರಲಿಲ್ಲ. ಗೋಡೆಯ ಮೇಲೆ ಹೋದಂತೆಲ್ಲ ಸುಟ್ಟ ಗುರುತು ಹೆಚ್ಚು. ಎಲ್ಲಕ್ಕಿಂತ ಹೆಚ್ಚು ಅಟ್ಟದ ರಸ್ತೆ ಬದಿಗೆ, ತಮ್ಮ ಗೋದಲಿಯ ಬೈಹುಲ್ಲು ಇದ್ದ ಕಡೆ. ಅಲ್ಲಿ ಪಕ್ಕಾಸು ಇದ್ದಿಲಾಗಿತ್ತು. ಅದರಿಂದ ಒಂದು ತಾಮ್ರದ ತಂತಿ, ಮೈಮೇಲೆ ರಬ್ಬರಿಲ್ಲದೆ, ಜೋಲುತ್ತಿತ್ತು. ತುದಿಯಲ್ಲಿ ತಾಮ್ರ ಕರಗಿ ಸಣ್ಣ ಉಂಡೆಯಾಗಿತ್ತು.

ಆ ತಂತಿಯ ಜಾಡನ್ನು ಬಾಯಿಯ ಕಣ್ಣು ಹಿಂಬಾಲಿಸಿತು. ಹಂಚಿನ ಸಂದಿ, ಅಂಗಳ, ತೆಂಗಿನ ಮರ, ತಮ್ಮದೇ ಜಗಲಿ. ಜಗಲಿಯ ಬೋರ್ಡಿನ ಮುಂದೆ ಬಂದು ನಿಂತರು. ನಾಲ್ಕನೆಯ ಸ್ವಿಚ್ಚು, ತಮ್ಮದೇ ಅಕ್ಷರದಲ್ಲಿ ‘ಸ್ಟಾರ್’. ಅದು ಕೆಳಗಿತ್ತು. ಆನ್.

ಆಗ ನೆನಪಾಯಿತು. ಬೆಂಕಿಯ ಹಿಂದಿನ ಸಂಜೆ ಏಳಕ್ಕೆ ಚರ್ಚಿನ ಗಂಟೆ ಹೊಡೆದಾಗ ಎಂದಿನಂತೆ ಗೂಡುದೀಪದ ಸ್ವಿಚ್ಚು ಹಾಕಿದ್ದರು. ಗುಡುಗು ಮಳೆ ಬಂದು ಎಂಟೂವರೆಗೆ ಕರೆಂಟು ಹೋಯಿತು. ಜಪಸರ ಮುಗಿಸಿ, ಕತ್ತಲಲ್ಲೇ ಮಲಗಿಬಿಟ್ಟರು. ಉರಿಯದ ದೀಪವನ್ನು ಆರಿಸುವ ನೆನಪು ಯಾರಿಗೆ ಬರುತ್ತದೆ? ಕರೆಂಟು ಯಾವಾಗಲೋ ಬಂತು. ಬೆಳಿಗ್ಗೆ ಬಿಸಿಲಿಗೆ ಗೂಡಿನೊಳಗಿನ ಬಲ್ಬು ಯಾರಿಗೂ ಕಾಣಲಿಲ್ಲ. ಒದ್ದೆಯಾದ ಹಳೆಯ ವಯರಿನಲ್ಲಿ, ಅಳಿಲು ಕಡಿದ ಕಡೆ, ಇಡೀ ದಿನ ಕರೆಂಟು ಹರಿದಿತ್ತು. ಅದರ ಪಕ್ಕದಲ್ಲಿ ಮೂರು ಕಟ್ಟು ಒಣ ಹುಲ್ಲು.

ಅವರ ಕೈ ಮೇಲೆದ್ದಿತು. ಒಂದು ಬೆರಳಿನ ಕೆಲಸ. ಸ್ವಿಚ್ಚನ್ನು ಮೇಲೆ ಮಾಡಿದರೆ ಮುಗಿಯಿತು. ಕಂಡವರು ಯಾರೂ ಇಲ್ಲ. ಗುರ್ಕಾರರ ಹೊಗಳಿಕೆ ಹಾಗೆಯೇ ಉಳಿಯುತ್ತದೆ, ಗೇವಿನ್‌ನ ಅಗ್ರಿಮೆಂಟು ಹಾಗೆಯೇ ನಿಲ್ಲುತ್ತದೆ, ಜೆಪ್ಪುವಿನಲ್ಲಿ ವಿನಿಫ್ರೆಡ್ ಸಿಸ್ಟರ್ ಎಂದಿನಂತೆ ತಲೆ ಎತ್ತಿ ನಡೆಯಬಹುದು. ಬೆರಳು ಸ್ವಿಚ್ಚಿನ ಮೇಲೆ ಎಷ್ಟು ಹೊತ್ತು ಇತ್ತು ಎಂಬುದನ್ನು ಅವರು ಯಾರಿಗೂ ಹೇಳಿಲ್ಲ. ಆಮೇಲೆ ಒಳಗೆ ಹೋಗಿ ಪ್ಲಾಸ್ಟರಿನ ಸುರುಳಿ ತಂದರು. ಕತ್ತರಿಯಿಂದ ಎರಡು ಉದ್ದನೆಯ ತುಂಡು ಕತ್ತರಿಸಿ, ಕೆಳಗಿದ್ದ ಸ್ವಿಚ್ಚು ಅಲ್ಲಾಡದಂತೆ ಅದರ ಮೇಲೆ ಅಡ್ಡಡ್ಡ ಅಂಟಿಸಿದರು. ಮೇಲೆ ಬರೆದರು: ‘ಮುಟ್ಟಬಾರದು. ಕಂಡ ಹಾಗೆಯೇ ಇದೆ.’ ತಾರೀಕು, ಸಮಯ, ಸಹಿ.

ಅಕ್ಷರ ಎಂದಿನಷ್ಟೇ ದುಂಡಗಿತ್ತು.

ನೋಣಯ್ಯ ಬಂದು, ಆ ವಯರಿನ ಫ್ಯೂಸು ಬೆಂಕಿಯ ದಿನವೇ ಹೋಗಿದೆ ಎಂದು ಖಚಿತ ಮಾಡಿಕೊಂಡು ನೋಡಿದ. ಕರಗಿದ ತಾಮ್ರವನ್ನು ಬೆರಳಲ್ಲಿ ಉರುಳಿಸಿದ. “ಇದೇ ಬಾಯಿ. ಸಂಶಯ ಇಲ್ಲ. ನಾನು ಬಿಚ್ಚಲಿಕ್ಕೆ ಬಂದದ್ದು ಎಷ್ಟು ಸಲ!”

“ಗೊತ್ತುಂಟು. ಅದನ್ನೂ ಬರೀತೇನೆ. ಈಗ ಹೇಳು, ಕಾನೂನು ಹೇಗೆ? ಯಾರ ಜವಾಬ್ದಾರಿ?”

“ಕಾನೂನು ನನಗೆಂತ ಗೊತ್ತು? ನಮ್ಮ ಕೆಲಸದಲ್ಲಿ ಒಂದು ಲೆಕ್ಕ ಉಂಟು. ಗೋಡೆಯ ಒಳಗೆ, ಮಾಡಿನ ಅಡಿಯಲ್ಲಿ ಇರುವ ವಯರು ಮನೆಯವರದ್ದು. ಪ್ಲಗ್ಗಿಗೆ ಚುಚ್ಚಿದ್ದು ಬಾಡಿಗೆಯವರದ್ದು. ಇದು ಮಾಡಿನ ಅಡಿಯದ್ದು. ಸ್ವಿಚ್ಚೂ ನಿಮ್ಮದೇ.”

“ಹುಲ್ಲೂ ನನ್ನದೇ” ಎಂದರು ಬಾಯಿ.

ಆ ಮಧ್ಯಾಹ್ನ ಅವರು ರಿಪೋರ್ಟು ಬರೆದು ಮುಗಿಸಿದರು. ಗೇವಿನ್‌ಗೆ ಫೋನಿನಲ್ಲಿ ಓದಿ ಹೇಳಿದಾಗ ಅವನು ಹೌಹಾರಿದ. “ಮಮ್ಮಿ, ಯಾರಾದರೂ ತನ್ನ ಮೇಲೆ ತಾನೇ ಬರೀತಾರಾ? ಯಾರು ಕೇಳಿದ್ದು ನಿನ್ನನ್ನು?”

“ಯಾರೂ ಕೇಳಲಿಲ್ಲ. ಅದಕ್ಕೇ ಬರೀಬೇಕು.”

“ಜನ ಎಂತ ಹೇಳಿಯಾರು?”

“ಮೊನ್ನೆಯಿಂದ ಜನ ಹೇಳುವುದು ಕೇಳಿ ಕೇಳಿ ನನಗೆ ಸಾಕಾಯ್ತು ಪುತಾ. ಈಗ ನಾನು ಹೇಳ್ತೇನೆ, ಅವರು ಕೇಳಲಿ.”

ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆಯುಟ್ಟು, ನಿವೃತ್ತಿಯ ದಿನ ಕೊಟ್ಟ ಕೈಗಡಿಯಾರ ಕಟ್ಟಿ, ರಿಕ್ಷಾ ಹಿಡಿದು ಫೈರ್ ಸ್ಟೇಷನ್ನಿಗೆ ಹೋದರು. ಯುವ ಅಧಿಕಾರಿ ಎರಡು ಪುಟ ಓದಿ, ಅವರ ಮುಖ ನೋಡಿ, ಮತ್ತೆ ಓದಿದ. “ಅಮ್ಮಾ, ಇಲ್ಲಿಗೆ ಬರುವವರೆಲ್ಲ ತಪ್ಪು ಬೇರೆಯವರದ್ದು ಅಂತ ಬರೆಸಲಿಕ್ಕೆ ಬರ್ತಾರೆ. ನೀವು ಉಲ್ಟಾ.” ಅವನು ಸ್ವತಃ ಬಂದು ಸ್ಥಳ ನೋಡಿ, ಸ್ವಿಚ್ಚಿನ ಫೋಟೋ ತೆಗೆದು, ಹಿಂದೆ ಬರೆದಿದ್ದ ಕಾರಣವನ್ನು ತಿದ್ದಿದ. ಹೋಗುವಾಗ ಪ್ಲಾಸ್ಟರಿನ ಮೇಲಿನ ಅಕ್ಷರವನ್ನು ಇನ್ನೊಮ್ಮೆ ನೋಡಿ ನಕ್ಕ.

ಕಷ್ಟದ ಕೆಲಸ ಭಾನುವಾರಕ್ಕೆ ಕಾದಿತ್ತು. ವಾಡೆಯ ಕೂಟದಲ್ಲಿ ಪ್ರಾರ್ಥನೆ ಮುಗಿದ ಮೇಲೆ ಬಾಯಿ ಎದ್ದು ನಿಂತರು. ಒಂದು ವಾರದ ಹಿಂದೆ ತಮ್ಮನ್ನು ಕೊಂಡಾಡಿದ ಅದೇ ನಲವತ್ತು ಜನ, ಅದೇ ಕುರ್ಚಿಗಳು. ಕನ್ನಡಕ ಹಾಕಿಕೊಂಡು, ವಾರ್ಡಿನಲ್ಲಿ ಡ್ಯೂಟಿ ಒಪ್ಪಿಸುವ ಸ್ವರದಲ್ಲಿ, ದಿನ, ಸಮಯ, ಸ್ಥಳದಿಂದ ಹಿಡಿದು ಓದಿದರು. ‘ಬೆಂಕಿಗೆ ಕಾರಣ ದೇವರ ದೀಪವೆಂದು ಮನೆಯ ಮಾಲಕಿ ಹೇಳಿದ್ದು ಕಂಡ ಮಾತಲ್ಲ, ಅನಿಸಿದ ಮಾತು. ಅದು ತಪ್ಪು’ ಎಂಬ ಸಾಲನ್ನು ಓದಿ, ನೀರು ಕುಡಿದು, ಮತ್ತೆ ಅದೇ ಸಾಲನ್ನು ಮೊದಲಿಂದ ಓದಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗುರ್ಕಾರರು ಕೆಮ್ಮಿದರು. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಹೊಗಳಿಕೆ ಕೇಳಿದ ದಿನ ತಲೆ ತಗ್ಗಿಸಿದ್ದ ಬಾಯಿ ಈ ದಿನ ತಲೆ ಎತ್ತಿಕೊಂಡೇ ಹೊರಗೆ ನಡೆದರು.

ಅಲ್ಲಿಂದ ನೇರ ಪಂಪ್‌ವೆಲ್ಲಿಗೆ. ಫ್ಲೈಓವರಿನ ಬದಿಯ ಓಣಿಯಲ್ಲಿ, ಬಸ್ಸುಗಳ ಹಾರ್ನಿಗೆ ಕಿಟಕಿ ಅದುರುವ ಕೋಣೆ. ಮನ್ವಿತಾ ನೆಲದಲ್ಲಿ ಕೂತು, ಯಾರದೋ ನೋಟ್ಸನ್ನು ಬರೆದುಕೊಳ್ಳುತ್ತಿದ್ದಳು. ಪ್ರಭಾ ಬಾಗಿಲಲ್ಲಿ ನಿಂತಳು, ಬನ್ನಿ ಎಂದಳು, ನಗಲಿಲ್ಲ.

“ಓದು” ಎಂದು ಬಾಯಿ ಕಾಗದ ಚಾಚಿದರು.

ಪ್ರಭಾ ನಿಂತೇ ಓದಿದಳು. ಔಷಧಿ ಚೀಟಿ ಓದಿ ಅಭ್ಯಾಸವಾದ ಕಣ್ಣು. ಒಂದು ಅಕ್ಷರವನ್ನೂ ಬಿಡಲಿಲ್ಲ. ದೀಪದಲ್ಲಿ ಎಣ್ಣೆ ಉಳಿದಿತ್ತು ಎಂಬಲ್ಲಿಗೆ ಬಂದಾಗ ಅವಳ ಕಣ್ಣು ತುಂಬಿತು. “ನಾನು ಆರಿಸಿಯೇ ಹೋಗಿದ್ದೆ ಬಾಯಮ್ಮ. ಹತ್ತು ದಿನದಿಂದ ನನಗೇ ಸಂಶಯ ಬಂದುಬಿಟ್ಟಿತ್ತು, ಆರಿಸಿದೆನಾ ಇಲ್ವಾ ಅಂತ. ಮಲಗಿದರೆ ನಿದ್ದೆ ಬರ್ತಿರಲಿಲ್ಲ.”

ವಿನಿಫ್ರೆಡ್ ಬಾಯಿಗೆ ಆ ಮಾತು ನಾಟಿತು. ಸುಟ್ಟ ಮಾಡಿಗಿಂತ ದೊಡ್ಡ ನಷ್ಟ ತಾವು ಮಾಡಿದ್ದು ಅಲ್ಲಿ ಎಂದು ಅವರಿಗೆ ಗೊತ್ತಾಯಿತು. “ಪ್ರಭಾ, ನನ್ನನ್ನು ನೀನು...” ಎಂದು ಶುರುಮಾಡಿದರು.

“ಬೇಡ ಬಾಯಮ್ಮ. ಆ ಕ್ಷಮೆಯ ಶಬ್ದವನ್ನು ಇಬ್ಬರೂ ಬಿಡುವ. ಇದರಲ್ಲಿ ಒಂದು ತಪ್ಪುಂಟು.”

“ತಪ್ಪಾ? ನನ್ನ ರಿಪೋರ್ಟಿನಲ್ಲಿ?”

“ನೋಣಯ್ಯ ಬಿಚ್ಚಲು ಬಂದಾಗ ಇರಲಿ ಬಿಡು ಅಂದವರು ನೀವು ಅಂತ ಬರೆದಿದ್ದೀರಿ. ಮೊದಲು ಹೇಳಿದ್ದು ನಾನು. ದೀಪಾವಳಿಗೆ ಪುನಃ ಬೇಕಲ್ಲ, ಅಂತ. ನೀವು ಆಮೇಲೆ ಹೂಂ ಅಂದದ್ದು. ಇದು ಸರಿಯಾಗಿ ಬರೀಬೇಕು.”

“ಅದು ನಿನ್ನ ತಪ್ಪಲ್ಲ, ವಯರು ನನ್ನದು.”

“ತಪ್ಪು ಯಾರದ್ದು ಅಂತ ನಾನು ಕೇಳಲಿಲ್ಲ. ನಡೆದದ್ದು ಎಂತದು ಅಂತ ಹೇಳಿದೆ.”

ವಿನಿಫ್ರೆಡ್ ಬಾಯಿ ಮೂವತ್ತಾರು ವರ್ಷದಲ್ಲಿ ಎಷ್ಟೋ ಹುಡುಗಿಯರಿಗೆ ಈ ಪಾಠ ಹೇಳಿದ್ದರು. ಹೀಗೆ ತಿರುಗಿಸಿ ತಮಗೇ ಒಪ್ಪಿಸಿದವಳು ಇವಳೊಬ್ಬಳೇ. ಎಂಥ ವಾರ್ಡ್ ಸಿಸ್ಟರ್ ಆಗುತ್ತಿದ್ದಳು ಇವಳು ಎಂದು ಎದೆ ತುಂಬಿ ಬಂತು. ಪೆನ್ನು ತೆಗೆದು ಕೊಟ್ಟರು. ಪ್ರಭಾ ಸಾಲು ತಿದ್ದಿ, ಬದಿಯಲ್ಲಿ ಸಹಿ ಹಾಕಿದಳು. ಕೊನೆಯ ಕಾಲಂ ಖಾಲಿ ಇತ್ತು: ‘ಮುಂದೆ ಹೀಗಾಗದಂತೆ ಕ್ರಮ’. ಏನು ಬರೆಯಬೇಕೆಂದು ತೋಚದೆ ಬಾಯಿ ಬಿಟ್ಟಿದ್ದರು. ಪ್ರಭಾ ಒಂದು ಕ್ಷಣ ಯೋಚಿಸಿ ಅದರಲ್ಲಿ ಬರೆದಳು: ‘ಜನವರಿ ಏಳಕ್ಕೆ ವಯರು ಬಿಚ್ಚುವುದು. ನಾನು ಹತ್ತುವುದು, ಬಾಯಮ್ಮ ಏಣಿ ಹಿಡಿಯುವುದು.’

“ಈಗ ಬರ್ತೀಯಾ ನನ್ನ ಹಾಲಿಗೆ?” ಎಂದು ಕೇಳಿದರು ಬಾಯಿ.

“ಬರ್ತೇನೆ. ಆವತ್ತು ನೀವು ಕರೆದದ್ದು ದಾಕ್ಷಿಣ್ಯಕ್ಕೆ. ಮಾಡು ಹಾಕಿಸಿ ಕೊಡುವವರೆಗೆ ಇರಲಿಕ್ಕೆ ಜಾಗ ಕೊಡುವುದು ಮನೆಯವರ ಜವಾಬ್ದಾರಿ. ಹಕ್ಕಿನಲ್ಲಿ ಬರ್ತೇನೆ.”

“ಹಾಗೇ ಬಾ. ನನಗೂ ಅದೇ ಚಂದ.” ಮನ್ವಿತಾ ಆಗಲೇ ನೋಟ್ಸು ಮಡಚಿ ಚೀಲಕ್ಕೆ ತುಂಬತೊಡಗಿದ್ದಳು.

ಒಂದು ತಿಂಗಳು ಬಾಯಿಯ ಹಾಲಿನಲ್ಲಿ ಎರಡು ಮೂಗುಗಳ ಸಂಸಾರ ನಡೆಯಿತು. ಮೀನಿನ ಸಾರಿಗೆ ಹುಣಸೆಹುಳಿ ಎಷ್ಟು ಎಂಬುದರಲ್ಲಿ ದಿನಕ್ಕೊಂದು ಜಗಳ. ಬಾಯಿ ಬಾಡಿಗೆ ಮುಟ್ಟಲಿಲ್ಲ. ಮನ್ವಿತಾಳ ಪುಸ್ತಕಗಳನ್ನು ಪೂರ್ತಿ ತಂದುಕೊಟ್ಟರು, ಪ್ರತಿಯೊಂದರ ಬೆನ್ನಿಗೂ ಪ್ಲಾಸ್ಟರಿನ ಚೀಟಿ ಅಂಟಿಸಿ. ಗೇವಿನ್ ಎರಡು ವಾರ ಮುನಿಸಿಕೊಂಡು, ಮೂರನೆಯ ವಾರ ಮಾಡಿನ ಮರಕ್ಕೆ ತಾನೇ ದುಡ್ಡು ಕಳಿಸಿದ. ಹೊಸ ಪಕ್ಕಾಸು, ಹೊಸ ಹಂಚು ಬಂತು. ನೋಣಯ್ಯ ಎಲ್ಲ ಕಡೆ ಪೈಪಿನೊಳಗೆ ವಯರು ಎಳೆದು, ಸ್ವಲ್ಪ ಹೆಚ್ಚುಕಮ್ಮಿಯಾದರೆ ತಾನೇ ಬೀಳುವ ಟ್ರಿಪ್ ಸ್ವಿಚ್ಚು ಹಾಕಿದ. ಕ್ರಿಸ್ಮಸ್ಸಿಗೆ ನಾಲ್ಕು ದಿನ ಇರುವಾಗ ಪ್ರಭಾ ಹಾಲು ಉಕ್ಕಿಸಿ ಮನೆಯೊಳಗೆ ಹೋದಳು. ದೇವರ ಗೂಡಿನಲ್ಲಿ ಅದೇ ಹಿತ್ತಾಳೆ ದೀಪ ಹಚ್ಚುವಾಗ ಬಾಯಿ ಪಕ್ಕದಲ್ಲೇ ನಿಂತಿದ್ದರು. ಆ ಸಲದ ನಕ್ಷತ್ರಕ್ಕೆ ಸ್ವಿಚ್ಚು ಬಾಯಿಯ ಜಗಲಿಯಲ್ಲಿಲ್ಲ, ಪ್ರಭಾಳ ಬಾಗಿಲ ಪಕ್ಕದಲ್ಲಿ. ಹಾಕುವವಳೂ ಆರಿಸುವವಳೂ ಅವಳೇ. ಗೋದಲಿಯ ಹುಲ್ಲು ಹಬ್ಬ ಕಳೆದ ಮೇಲೆ ಪಕ್ಕದ ಮನೆಯ ದನದ ಹೊಟ್ಟೆ ಸೇರಿತು.

ಜನವರಿ ಏಳರಂದು ಬೆಳಿಗ್ಗೆ ಪ್ರಭಾ ಏಣಿ ಹತ್ತಿದಳು. ಎಪ್ಪತ್ತೊಂದರ ಬಾಯಿ ಎರಡೂ ಕೈಯಿಂದ ಏಣಿ ಹಿಡಿದು, “ಮೆಲ್ಲ ಮಾರಾಯ್ತಿ, ಬಿದ್ದರೆ ಇನ್ನೊಂದು ರಿಪೋರ್ಟು ಬರೀಬೇಕು” ಎಂದು ಗದರಿಸುತ್ತಿದ್ದರು. ನೋಣಯ್ಯ ಕೈಕಟ್ಟಿ ನಿಂತು ನೋಡಿದ. ನಕ್ಷತ್ರದೊಂದಿಗೆ ಅದರ ವಯರೂ ಇಳಿಯಿತು, 'ಸ್ಟಾರ್' ಎಂಬ ಚೀಟಿಯೊಂದಿಗೆ ಸುತ್ತಿ ಕಪಾಟಿಗೆ ಹೋಯಿತು.

ಈಗ ಅವರ ಮನೆಗೆ ಹೋದವರಿಗೆ ಡಾಕ್ಟರ ಗಡಿಯಾರದ ಕಥೆ ಕೇಳಿಸುವುದಿಲ್ಲ. ಬಾಯಿ ಗೇಟಿನಲ್ಲೇ ನಿಲ್ಲಿಸಿ ಬಾಡಿಗೆ ಮನೆಯ ಮಾಡಿನ ತುದಿ ತೋರಿಸುತ್ತಾರೆ. “ಅಲ್ಲಿ ಎಂತ ಕಾಣ್ತದೆ?”

“ಒಂದು ಕೊಕ್ಕೆ.”

“ಅದರಲ್ಲಿ?”

“ಎಂತದೂ ಇಲ್ಲ.”

“ಹಾಂ” ಎನ್ನುತ್ತಾರೆ ವಿನಿಫ್ರೆಡ್ ಬಾಯಿ, ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ. “ನಾನೂ ಪ್ರಭಾಳೂ ಸೇರಿ ಬಿಚ್ಚಿದ್ದು.”